ಜಟ್ಲೆಂಡ್ 1916: 5ನೇ ಬ್ಯಾಟಲ್ ಸ್ಕ್ವಾಡ್ರನ್ ಹಿಂದೆ ಬಿದ್ದದ್ದೇಕೆ, ತಿರುಗುವಾಗ ಅಷ್ಟು ಏಟು ತಿಂದದ್ದೇಕೆ?

ಪ್ರಶ್ನೆ — ನಕ್ಷೆಪ್ರಿಯ

1916ರ ಮೇ 31ರ ಮಧ್ಯಾಹ್ನ ಬ್ರಿಟಿಷ್ ಮತ್ತು ಜರ್ಮನ್ ನೌಕಾಪಡೆಗಳ ನಡುವೆ ನಡೆದ ಜಟ್ಲೆಂಡ್ ಕಾಳಗಕ್ಕೆ ಗಜದ ಅಳತೆಯಲ್ಲಿ ನಕ್ಷೆ ಬಿಡಿಸುತ್ತಿದ್ದೇನೆ. ಎರಡು ಕಡೆ ಲೆಕ್ಕ ಕೂಡುತ್ತಿಲ್ಲ. ಬ್ರಿಟಿಷ್ 5ನೇ ಬ್ಯಾಟಲ್ ಸ್ಕ್ವಾಡ್ರನ್‌ನ ನಾಯಕ ಇವಾನ್-ಥಾಮಸ್‌ರ ನಾಲ್ಕು ಹಡಗು (ಬಾರ್ಹಮ್, ವೇಲಿಯಂಟ್, ವಾರ್‌ಸ್ಪೈಟ್, ಮಲಾಯಾ) ಬ್ರಿಟಿಷ್ ಬ್ಯಾಟಲ್‌ಕ್ರೂಸರ್ (ವೇಗ ಹೆಚ್ಚು, ಕವಚ ತೆಳುವಾದ ಯುದ್ಧನೌಕೆ) ಪಡೆಯ ನಾಯಕ ಬೀಟಿಯ ಹಡಗು ಲಯನ್‌ನಿಂದ 5 ಮೈಲಿ ದೂರದಲ್ಲಿದ್ದವು. ಕಾಳಗ ಶುರುವಾಗುವ ಹೊತ್ತಿಗೆ ಅದು 10 ಮೈಲಿ ಆಗಿದ್ದು ಹೇಗೆ? ಎರಡನೆಯದು, 4:50ರ ಆಚೀಚೆ ಅವರು ಉತ್ತರಕ್ಕೆ ತಿರುಗುವಾಗ ಕೊನೆಯ ಹಡಗಿಗೇ ಯಾಕೆ ಹೆಚ್ಚು ಅಪಾಯ? ವೇಗವಾಗಿ ಓಡುವ ಹಡಗಿಗೆ ತಿರುಗುವುದು ಇಷ್ಟು ಕಷ್ಟವೇ? ವಾರ್‌ಸ್ಪೈಟ್ ಸುತ್ತು ಹೊಡೆದದ್ದನ್ನೂ ಯಾರಾದರೂ ಬಿಡಿಸಿ ಹೇಳಿ.

ಉತ್ತರ — ಬಾವುಟಕಟ್ಟೆ

ಮೊದಲನೆಯದು ಸಂಕೇತದ ಎಡವಟ್ಟು. 2:20ಕ್ಕೆ ಗಲಾಟಿಯಾ ಕ್ರೂಸರ್ ಶತ್ರು ಕಂಡ ಸುದ್ದಿ ಕಳಿಸಿತು. 2:32ಕ್ಕೆ ಬೀಟಿ ಆಗ್ನೇಯದ ಕಡೆಗೆ ತಿರುಗುವ ಬಾವುಟ ಏರಿಸಿದರು. ಆ ಹೊತ್ತಿಗೆ ಬಾರ್ಹಮ್ ಐದು ಮೈಲಿ ಆಚೆ. ಅಷ್ಟು ದೂರದಿಂದ, ಲಯನ್‌ನ ಹೊಗೆಯ ನಡುವೆ, ಬಾವುಟದ ಬಣ್ಣ ಗುರುತಿಸುವುದು ಅಸಾಧ್ಯ. ಸರ್ಚ್‌ಲೈಟ್ ಮಿನುಗಿಸಿ ಸಂದೇಶ ದಾಟಿಸಬೇಕಿದ್ದ ನಡುವಿನ ಕೊಂಡಿ ಬೀಟಿಯ ಪಡೆಯ ಟೈಗರ್ ಹಡಗು, ಅದು ದಾಟಿಸಲಿಲ್ಲ. ಕೊನೆಗೆ ಸುಮಾರು 2:40ಕ್ಕೆ ಇವಾನ್-ಥಾಮಸ್ ತಿರುಗಿದರು.

ಈಗ ಲೆಕ್ಕ ಹಾಕಿ: 24 ನಾಟ್ ಅಂದರೆ ನಿಮಿಷಕ್ಕೆ 740 ಮೀಟರ್ (810 ಗಜ). ಎಂಟು ನಿಮಿಷ ಒಂದು ತಂಡ ಈ ಕಡೆ, ಇನ್ನೊಂದು ಆ ಕಡೆ ಓಡಿದರೆ ಅಂತರ ದುಪ್ಪಟ್ಟಾಗದೆ ಇರುತ್ತದೆಯೇ? ಹೆಚ್ಚೂಕಡಿಮೆ ನಿಮ್ಮ 10 ಮೈಲಿ ಅಲ್ಲೇ ಸಿಕ್ಕಿತು.

ಇವಾನ್-ಥಾಮಸ್ ಗಲಾಟಿಯಾದ ಸುದ್ದಿ ಕೇಳಿದ್ದರು, ತಾವೇ ತಿರುಗಬಹುದಿತ್ತು ಎಂಬ ವಾದವಿದೆ. ಆದರೆ ಜೆಲಿಕೋರ ಮುಖ್ಯ ಬ್ರಿಟಿಷ್ ಪಡೆಯಾದ ಗ್ರ್ಯಾಂಡ್ ಫ್ಲೀಟ್‌ನ ಪಾಠವೇ ಬೇರೆ: ಮೇಲಧಿಕಾರಿಯ ಸಂಕೇತ ಕಾಯಬೇಕು, ಬಾವುಟ ಇಳಿದಾಗ ಆಜ್ಞೆ ಜಾರಿ. ಬೀಟಿಯ ಪಡೆಯ ರೂಢಿ ಅಷ್ಟು ಬಿಗಿಯಾಗಿರಲಿಲ್ಲ. ಹುಡ್‌ರ 3ನೇ ಬ್ಯಾಟಲ್‌ಕ್ರೂಸರ್ ಸ್ಕ್ವಾಡ್ರನ್ ಗುಂಡು ಅಭ್ಯಾಸಕ್ಕೆ ಗ್ರ್ಯಾಂಡ್ ಫ್ಲೀಟ್‌ನ ನೆಲೆ ಸ್ಕಾಪಾಕ್ಕೆ ಹೋಗಿದ್ದರಿಂದ ಬದಲಿಗೆ ಈ ಸ್ಕ್ವಾಡ್ರನ್ ಬೀಟಿಯ ನೆಲೆ ರೊಸೈತ್‌ಗೆ ಬಂದು ಕೆಲವೇ ದಿನ ಆಗಿತ್ತು. ಇಬ್ಬರೂ ಕೂತು ಮಾತಾಡಿರಲಿಲ್ಲ. ನನ್ನ ಮಟ್ಟಿಗೆ ತಪ್ಪಿನ ಬಹುಪಾಲು ಅಲ್ಲಿದೆ, ಆ ಎಂಟು ನಿಮಿಷದಲ್ಲಲ್ಲ.

ಉತ್ತರ — ಗುರಿಕಾರ

ಎರಡನೆಯ ಪ್ರಶ್ನೆಗೆ. ಸಂಕೇತ ಹೇಳಿದ್ದು ‘ಒಬ್ಬರ ಹಿಂದೊಬ್ಬರು, ಬಲಕ್ಕೆ 16 ಪಾಯಿಂಟ್’. ಪಾಯಿಂಟ್ ಅಂದರೆ 11¼ ಡಿಗ್ರಿ, ಹಾಗಾಗಿ 180 ಡಿಗ್ರಿ. ‘ಒಬ್ಬರ ಹಿಂದೊಬ್ಬರು’ ಅಂದರೆ ಮುಂದಿನ ಹಡಗು ತಿರುಗಿದ ಅದೇ ನೀರಿಗೆ ಬಂದು ಹಿಂದಿನದು ತಿರುಗಬೇಕು. ಸಾಲಿನಲ್ಲಿ ಹಡಗುಗಳ ನಡುವೆ 500 ಗಜ ಅಂತರ ಇಟ್ಟುಕೊಳ್ಳಿ: 24 ನಾಟ್‌ನಲ್ಲಿ 37 ಸೆಕೆಂಡು. ಬಾರ್ಹಮ್ ಹೊರಳಿದ ಸುಮಾರು ಎರಡು ನಿಮಿಷಕ್ಕೆ ಮಲಾಯಾ ಅದೇ ಜಾಗಕ್ಕೆ ಬರುತ್ತದೆ. ಜರ್ಮನ್ ಗನ್ನರ್‌ಗೆ ಇನ್ನೇನು ಬೇಕು? ಮೊದಲ ಹಡಗಿನ ಮೇಲೆ ದೂರ ಸರಿಹೊಂದಿಸಿಕೊಂಡ ಮೇಲೆ ಅದೇ ಜಾಗಕ್ಕೆ ಗುಂಡು ಸುರಿಯುತ್ತಾ ಕೂತರೆ ಆಯಿತು. ಮುಂದಿನ ಹಡಗು ತಾನೇ ನಡೆದು ಬರುತ್ತದೆ. ಮಲಾಯಾದ ಕ್ಯಾಪ್ಟನ್ ಬಾಯ್ಲ್ ಆ ಜಾಗ ಮುಟ್ಟುವ ಮೊದಲೇ ತಿರುಗಿಸಿಬಿಟ್ಟರು. ಜಾಣತನ.

ಇದರ ಜೊತೆ ತಡವೂ ಸೇರಿತು. ಷೇರ್‌ರ ಜರ್ಮನ್ ಮುಖ್ಯ ಪಡೆ ಕಂಡೊಡನೆ 4:40ಕ್ಕೆ ಬೀಟಿ ತಿರುಗಿದ್ದರು. ಇವಾನ್-ಥಾಮಸ್‌ಗೆ 4:48ಕ್ಕೆ ಬಾವುಟ ಏರಿತು. ಇಳಿಯಲು ಇನ್ನೂ ಹಲವು ನಿಮಿಷ ಹಿಡಿಯಿತು. ಈ ಕಡೆಯಿಂದ ನಿಮಿಷಕ್ಕೆ 740 ಮೀಟರ್, ಎದುರಿನಿಂದ ಷೇರ್ ಕೂಡ ಬರುತ್ತಿದ್ದರು. ಅಂತರ ನಿಮಿಷಕ್ಕೆ ಒಂದು ಕಿಲೋಮೀಟರಿಗೂ ಹೆಚ್ಚು ಕರಗುತ್ತಿತ್ತು. ನಕ್ಷೆಯಲ್ಲಿ ಈ ತುಂಡನ್ನು ನಿಮಿಷ ನಿಮಿಷಕ್ಕೆ ಗುರುತು ಹಾಕಿ, ಅರ್ಧ ಗಂಟೆಯ ಗುರುತು ಸಾಲದು. 4:54ರಿಂದ 4:57ರವರೆಗೆ ಬೇರೆ ಬೇರೆ ದಾಖಲೆ ಬೇರೆ ಬೇರೆ ಹೊತ್ತು ಕೊಡುತ್ತವೆ, ಅದನ್ನು ಒಂದು ಚುಕ್ಕೆಯಾಗಿಸದೆ ಪಟ್ಟಿಯಾಗಿ ತೋರಿಸಿ.

ಪ್ರಶ್ನೆ — ನಕ್ಷೆಪ್ರಿಯ

ಹಾಗಾದರೆ ನಾಲ್ಕೂ ಒಟ್ಟಿಗೆ ತಿರುಗಬಹುದಿತ್ತಲ್ಲ? ಒಂದೇ ಜಾಗದ ತೊಂದರೆಯೇ ಇರುತ್ತಿರಲಿಲ್ಲ.

ಉತ್ತರ — ಬಾವುಟಕಟ್ಟೆ

ಇರುತ್ತಿರಲಿಲ್ಲ, ನಿಜ. ಆದರೆ ಸಾಲು ತಲೆಕೆಳಗಾಗಿ ಮಲಾಯಾ ಮುಂದೆ, ಸ್ಕ್ವಾಡ್ರನ್ ನಾಯಕ ಬಾಲದಲ್ಲಿ. ಮೇಲಾಗಿ ಬಂದ ಸಂಕೇತದಲ್ಲಿ ಅದಿರಲಿಲ್ಲ.

ಉತ್ತರ — ಗುರಿಕಾರ

ಏಟಿನ ಲೆಕ್ಕ: ವಾರ್‌ಸ್ಪೈಟ್‌ಗೆ 15, ಮಲಾಯಾಗೆ 7, ಬಾರ್ಹಮ್‌ಗೆ 6, ವೇಲಿಯಂಟ್‌ಗೆ ಸೊನ್ನೆ. ಆದರೂ ಹೆಚ್ಚು ಜೀವ ಹೋದದ್ದು ಮಲಾಯಾದಲ್ಲಿ, 63. 5:30ರ ಸುಮಾರಿಗೆ ಬಲಗಡೆಯ 6 ಇಂಚು ತೋಪುಗಳ ಸಾಲಿಗೆ ಬಿದ್ದ ಶೆಲ್‌ನಿಂದ ಕಾರ್ಡೈಟ್ (ಗುಂಡು ಹಾರಿಸುವ ಮದ್ದು) ಹೊತ್ತಿಕೊಂಡು ಆ ಸಾಲೇ ಸುಟ್ಟುಹೋಯಿತು. ವಿಪರ್ಯಾಸವೆಂದರೆ, ಅದೇ ತೋಪುಗಳಿಂದ ಬೇಕಂತಲೇ ಹತ್ತಿರದ ನೀರಿಗೆ ಹೊಡೆದು ನೀರಿನ ಪರದೆ ಎಬ್ಬಿಸುವ ಯೋಚನೆ ನಡೆದಿತ್ತು. ಅಷ್ಟರಲ್ಲಿ ಏಟು ಬಿತ್ತು.

ಹಡಗುಗಳು ಉಳಿದದ್ದು ಕವಚದ ದಯೆಯಿಂದ. ಇವುಗಳ ಪಕ್ಕದ ಪಟ್ಟಿ 13 ಇಂಚು, ಅದೇ ದಿನ ಸಿಡಿದುಹೋದ ಬ್ಯಾಟಲ್‌ಕ್ರೂಸರ್‌ಗಳಾದ ಇನ್‌ಡಿಫ್ಯಾಟಿಗಬಲ್‌ದು 6, ಕ್ವೀನ್ ಮೇರಿಯದು 9. ಜೊತೆಗೆ ಬ್ಯಾಟಲ್‌ಕ್ರೂಸರ್‌ಗಳಲ್ಲಿ ಬೇಗ ಬೇಗ ಹೊಡೆಯುವ ಆಸೆಗೆ ಕಾರ್ಡೈಟ್ ಚೀಲಗಳನ್ನು ಮದ್ದಿನ ಕೋಣೆಯ ಹೊರಗೆ ಪೇರಿಸಿ, ಬಾಗಿಲು ತೆರೆದಿಡುವ ಚಾಳಿ ಬೆಳೆದಿತ್ತು.

5ನೇ ಸ್ಕ್ವಾಡ್ರನ್‌ನವರ ಗುರಿಯೂ ಚೆನ್ನಾಗಿತ್ತು. ಸುಮಾರು 19,000 ಗಜದಿಂದ ಶುರುಮಾಡಿ ಕೆಲವೇ ನಿಮಿಷದಲ್ಲಿ ಜರ್ಮನ್ ಬ್ಯಾಟಲ್‌ಕ್ರೂಸರ್ ಫಾನ್ ಡೆರ್ ಟಾನ್‌ಗೆ ಹೊಡೆದರು. 15 ಅಡಿಯ ರೇಂಜ್‌ಫೈಂಡರ್ (ದೂರ ಅಳೆಯುವ ಉಪಕರಣ) ಅದಕ್ಕೊಂದು ಕಾರಣ; ಬೀಟಿಯ ಹಡಗುಗಳದು 9 ಅಡಿ. 15 ಇಂಚಿನ ಶೆಲ್ 1,099 ಹಾರಿಸಿದರು: ಬಾರ್ಹಮ್ 337, ವೇಲಿಯಂಟ್ 288, ವಾರ್‌ಸ್ಪೈಟ್ 259, ಮಲಾಯಾ 215. ತಗುಲಿದ್ದು ಸುಮಾರು 29. ಆದರೆ 1,920 ಪೌಂಡಿನ ಆ ಶೆಲ್ ಓರೆಯಾಗಿ ಬಿದ್ದಾಗ ಕವಚದ ಮೇಲೇ ಒಡೆಯುತ್ತಿತ್ತು, ಒಳಗಿನ ಲಿಡ್ಡೈಟ್ ಸ್ಫೋಟಕ ಹೊರಗೇ ಸಿಡಿಯುತ್ತಿತ್ತು. ತೂರಿಕೊಂಡು ಒಳಗೆ ಸಿಡಿಯುವ ಶೆಲ್ ಬಂದದ್ದು ಕಾಳಗದ ನಂತರ, ಯುದ್ಧ ಮುಗಿಯುವ ಹೊತ್ತಿಗೆ.

ಉತ್ತರ — ಚುಕ್ಕಾಣಿ

ವಾರ್‌ಸ್ಪೈಟ್ ಸುತ್ತಿನ ಪ್ರಶ್ನೆ ಉಳಿದುಹೋಯಿತು. ಸಂಜೆ 6:18ರ ಸುಮಾರಿಗೆ, ಸ್ಕ್ವಾಡ್ರನ್ ಜೆಲಿಕೋ ಸಾಲಿನ ಹಿಂದೆ ಸೇರಿಕೊಳ್ಳಲು ತಿರುಗುವಾಗ, ಮುಂದಿದ್ದ ವೇಲಿಯಂಟ್‌ಗೆ ಬಡಿಯದಿರಲೆಂದು ಚುಕ್ಕಾಣಿ ಜೋರಾಗಿ ಹೊರಳಿಸಿದರು, ಅದು ಕಚ್ಚಿಕೊಂಡಿತು. ಈಗ ಕ್ಯಾಪ್ಟನ್ ಫಿಲ್ಪಾಟ್ಸ್‌ಗೆ ಎರಡೇ ದಾರಿ: ಎಂಜಿನ್ ನಿಲ್ಲಿಸಿ ಹಿಂದಕ್ಕೆ ಓಡಿಸಿದರೆ ಹಡಗು ನಿಂತ ಗುರಿ, ವೇಗ ಬಿಡದೆ ಹೋದರೆ ಸುತ್ತು ತಪ್ಪದು. ಅವರು ಸುತ್ತು ಆರಿಸಿಕೊಂಡರು. ಎರಡು ಸುತ್ತು ಮುಗಿಯುವಷ್ಟರಲ್ಲಿ ಹದಿಮೂರು ಏಟು. ಸುತ್ತಿನ ಮಧ್ಯೆ ಜಖಂಗೊಂಡ ವಾರಿಯರ್ ಕ್ರೂಸರ್ ಇತ್ತು; ಜರ್ಮನ್ನರ ಗುಂಡು ವಾರ್‌ಸ್ಪೈಟ್ ಕಡೆ ಹೊರಳಿ ಅದು ಬಚಾವಾಯಿತು. ತಮ್ಮನ್ನು ಉಳಿಸಲೆಂದೇ ಬಂದರೆಂದು ವಾರಿಯರ್‌ನವರು ತಿಳಿದರು. ವಾರ್‌ಸ್ಪೈಟ್‌ಗೆ ರೊಸೈತ್‌ಗೆ ಮರಳಲು ಆಜ್ಞೆಯಾಯಿತು.

ನಕ್ಷೆಯಲ್ಲಿ ಆ ಎರಡು ಸುತ್ತನ್ನು ಬಾರ್ಹಮ್ ಸಾಲಿನ ಗೆರೆಗೆ ಜೋಡಿಸಬೇಡಿ, ಬೇರೆ ಬಣ್ಣದಲ್ಲಿ ಬಿಡಿಸಿ. ಇಲ್ಲದಿದ್ದರೆ ಇಡೀ ಸ್ಕ್ವಾಡ್ರನ್ನೇ ಸುತ್ತು ಹೊಡೆದಂತೆ ಕಾಣುತ್ತದೆ.