ಮೊದಲ ಕವನ ಸಂಕಲನ, ನಾನೇ ಅಚ್ಚು ಹಾಕಿಸಬಹುದಾ?

ಸೂಜಿದಾರ:
ಎಲ್ಲರಿಗೂ ನಮಸ್ಕಾರ. ಹಾವೇರಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಕವಿತೆ ಬರೆಯುತ್ತಿದ್ದೇನೆ. ಬೆಳಿಗ್ಗೆ ಅಂಗಡಿ ತೆಗೆಯುವ ಮುಂಚೆ ಒಂದು ತಾಸು ಬರವಣಿಗೆ. ಕೆಲಸದ ನಡುವೆ ಸಾಲು ಹೊಳೆದರೆ ಅಳತೆ ಪುಸ್ತಕದಲ್ಲೇ ಬರೆದಿಡುತ್ತೇನೆ. ಎದೆ 38, ತೋಳು 23 ಅಂತ ಬರೆದ ಹಾಳೆಯ ಬೆನ್ನಿಗೇ ಅವ್ವನ ಮೇಲಿನ ಕವಿತೆ ಹುಟ್ಟಿದ್ದು.

ಈಗ 71 ಕವಿತೆ ಆಗಿವೆ. ಒಬ್ಬ ಪ್ರಕಾಶಕರಿಗೆ ಕಳಿಸಿದ್ದೆ. ಎರಡೇ ದಿನಕ್ಕೆ ಫೋನ್ ಬಂತು. 35 ಸಾವಿರ ಕೊಡಿ, 500 ಪ್ರತಿ ಹಾಕುತ್ತೇವೆ, ನಿಮಗೆ 100 ಅಂದರು. ಉಳಿದ 400 ಎಲ್ಲಿಗೆ ಹೋಗುತ್ತವೆ ಅಂದರೆ ಉತ್ತರ ಇಲ್ಲ. ಕವಿತೆಗಳ ಬಗ್ಗೆ ಒಂದು ಮಾತೂ ಆಡಲಿಲ್ಲ. ಅದೇ ಜಾಸ್ತಿ ನೋವಾಯಿತು.

ನಾನೇ ಅಚ್ಚು ಹಾಕಿಸಿದರೆ ಜನ ಹಗುರವಾಗಿ ನೋಡುತ್ತಾರಾ? ಎಷ್ಟು ಪ್ರತಿ ಹಾಕಿಸಲಿ?

ಹಳೇಮೊಳೆ:
ನೀವು ಹಾವೇರಿಯವರು, ಗಳಗನಾಥರ ಜಿಲ್ಲೆಯವರು. ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಅವರನ್ನು ಇವತ್ತಿಗೂ ಯಾರೂ ಹಗುರವಾಗಿ ನೋಡಿಲ್ಲ, ಅಲ್ವಾ? ಆ ಚಿಂತೆ ಬಿಡಿ.

ನಾನು ಹುಬ್ಬಳ್ಳಿಯಲ್ಲಿ 22 ವರ್ಷ ಕರಡು ತಿದ್ದಿದವನು. ನನ್ನ ನಾಲ್ಕು ಸಂಕಲನಗಳನ್ನು ನಾನೇ ತಂದಿದ್ದೇನೆ. ಮೊದಲನೆಯದನ್ನು 2011ರಲ್ಲಿ 1000 ಪ್ರತಿ ಹಾಕಿಸಿದೆ. ಆಫ್‌ಸೆಟ್ ಮುದ್ರಣದಲ್ಲಿ ಅಚ್ಚಿನ ಪ್ಲೇಟಿನ ಖರ್ಚು ಒಂದೇ ಸಲ, ಹಾಗಾಗಿ ಪ್ರತಿ ಹೆಚ್ಚಿದಷ್ಟೂ ಒಂದೊಂದು ಅಗ್ಗ. ಆ ಲೆಕ್ಕ ಸರಿಯೇ ಇತ್ತು. ಆದರೆ ಓದುಗರ ಲೆಕ್ಕ ನಾನು ಹಾಕಿರಲಿಲ್ಲ. ಆರುನೂರು ಪ್ರತಿ ಎರಡು ಮಳೆಗಾಲ ಮಂಚದ ಕೆಳಗೇ ಇದ್ದವು. ಕೊನೆಗೆ ಗೆದ್ದಲು ಹಿಡಿಯಿತು. ಕಟ್ಟು ಬಿಚ್ಚಿದ ದಿನ ನನಗೆ ಊಟ ಸೇರಲಿಲ್ಲ.

ಈಗ ಡಿಜಿಟಲ್ ಮುದ್ರಣ ಇದೆ, ಪ್ಲೇಟ್ ಬೇಡ, ಸ್ವಲ್ಪವೇ ಪ್ರತಿ ಹಾಕಿಸಬಹುದು. 200 ಪ್ರತಿ ಹಾಕಿಸಿ, ಖಾಲಿಯಾದರೆ ಇನ್ನೊಂದು 100. ಐಎಸ್‌ಬಿಎನ್‌ಗೆ, ಅಂದರೆ ಪುಸ್ತಕದ ಗುರುತಿನ ಸಂಖ್ಯೆಗೆ, ಯಾರಿಗೂ ದುಡ್ಡು ಕೊಡಬೇಡಿ. ನಮ್ಮ ದೇಶದಲ್ಲಿ ಅದು ಉಚಿತ, ಲೇಖಕರೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು.

ಆದರೆ ಅದಕ್ಕಿಂತ ಮುಂಚೆ ಒಂದು ಕೆಲಸ ಇದೆ. 71ನ್ನೂ ಜೋರಾಗಿ ಓದಿ. ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ. ಮೂರು ಸಲ ಓದಿದರೂ ಅಲ್ಲೇ ತಡವರಿಸಿದರೆ ಆ ಕವಿತೆಯನ್ನು ಪಕ್ಕಕ್ಕಿಡಿ, ಹರಿದು ಹಾಕಬೇಡಿ. ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗಿ ಮಡಚುವ ಒಂದು ದೊಡ್ಡ ಹಾಳೆ, 16 ಪುಟ. 45 ಕವಿತೆ ಉಳಿದರೆ ನಾಲ್ಕು ಫಾರಂನಲ್ಲಿ ಮುಗಿಯುತ್ತದೆ. ನಿಮ್ಮ ಕೈಗೆ ಬಟ್ಟೆ ಕತ್ತರಿಸಿ ಗೊತ್ತು. ಎಲ್ಲಿ ಜಾಸ್ತಿ ಇದೆ ಅನ್ನುವುದು ಖಂಡಿತ ತಿಳಿಯುತ್ತದೆ.

ಇನ್ನೊಂದು, ಕವಿತೆಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದರೆ, ಅದರ ಹಳೆಯ ಅಕ್ಷರಗಳಿಂದ ಯೂನಿಕೋಡ್ ಅಕ್ಷರಗಳಿಗೆ ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಕೆಲವು ಸಲ ಕೆಡುತ್ತವೆ. ಕರಡನ್ನು ಹಾಳೆಯ ಮೇಲೇ ನೋಡಿ, ಮೊಬೈಲ್‌ನಲ್ಲಿ ಬೇಡ.

ಕಾಜಾಣ:
ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ವಯಸ್ಸಿನ ಮಿತಿ ಇದೆ, ಅರ್ಜಿ ಕರೆದಾಗ ನೋಡಿ ಸರ್. ನನ್ನ ಪುಸ್ತಕ ಹೆಚ್ಚು ಹೋಗಿದ್ದು ಅಂಗಡಿಗಳಿಂದ ಅಲ್ಲ. ಸಾಗರದಲ್ಲಿ ಗೆಳತಿಯ ಮನೆ ಜಗಲಿಯಲ್ಲಿ ಹನ್ನೆರಡು ಜನರ ಮುಂದೆ ಓದಿದೆ, ಒಂಬತ್ತು ಪ್ರತಿ ಅಲ್ಲೇ ಹೋದವು. ಕೇಳಿದ ಕವಿತೆಯನ್ನು ಜನ ಮನೆಗೆ ಒಯ್ಯಲು ಬಯಸುತ್ತಾರೆ.

ಸೂಜಿದಾರ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ವಯಸ್ಸು 43, ಆ ಯೋಜನೆ ನನಗೆ ಸಿಗುವುದು ಕಷ್ಟ. ನಿನ್ನೆ ರಾತ್ರಿ ಶಟರ್ ಅರ್ಧ ಎಳೆದುಕೊಂಡು ಎಲ್ಲವನ್ನೂ ಜೋರಾಗಿ ಓದಿದೆ. 28 ಕವಿತೆ ಪಕ್ಕಕ್ಕಿಟ್ಟೆ. ಅದರಲ್ಲಿ ನನಗೆ ಬಹಳ ಇಷ್ಟವಾಗಿದ್ದ ಎರಡು ಇವೆ. ಓದುವಾಗ ಪಕ್ಕದ ಚಹಾ ಅಂಗಡಿಯ ಕಾಕಾ ಶಟರ್ ಕೆಳಗೆ ಬಗ್ಗಿ ಒಳಗೆ ಬಂದರು. ಅವ್ವನ ಕವಿತೆ ಇನ್ನೊಮ್ಮೆ ಓದು ಅಂದರು. ಓದಿದೆ.

ಹಳೇಮೊಳೆ ಸರ್, ಕರಡು ತಯಾರಾದ ಮೇಲೆ ಹಾಳೆಗಳನ್ನು ಹುಬ್ಬಳ್ಳಿಗೇ ತಂದು ತೋರಿಸಲಾ? ಭಾನುವಾರ ಅಂಗಡಿ ರಜೆ ಇರುತ್ತದೆ.