ಬ್ರಿಡ್ಜ್ ಹಾಕಿದ ಮೇಲೆ ವಿಎಂಗೆ ಹೋಸ್ಟ್ ಸಿಗುತ್ತೆ, ರೂಟರ್ ಸಿಗಲ್ಲ, ಡಿಎಚ್‌ಸಿಪಿನೂ ಬರ್ತಿಲ್ಲ

ಪ್ರಶ್ನೆ

ನಮಸ್ಕಾರ ಎಲ್ರಿಗೂ. ಲಿನಕ್ಸ್ ಹೋಸ್ಟ್ (ಅಸಲಿ ಮಷೀನ್) ಮೇಲೆ ಕೆವಿಎಂ, ಲಿಬ್‌ವರ್ಟ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ವಿಎಂಗಳನ್ನ (ವರ್ಚುವಲ್ ಮಷೀನ್) ಓಡಿಸ್ತಿದೀನಿ. ಇಷ್ಟು ದಿನ ಲಿಬ್‌ವರ್ಟ್ ತಾನಾಗೇ ಕೊಡೋ ನ್ಯಾಟ್ ನೆಟ್‌ವರ್ಕ್‌ನಲ್ಲೇ (ವಿಎಂಗಳು ಹೋಸ್ಟ್‌ನ ಐಪಿ ಹಿಂದೆ ಅಡಗಿ ಹೊರಗೆ ಹೋಗೋ ವ್ಯವಸ್ಥೆ) ಇದ್ವು, ಅದೇ 192.168.122 ಸೀರೀಸ್, ಇಂಟರ್ನೆಟ್ ಎಲ್ಲಾ ಚೆನ್ನಾಗೇ ಬರ್ತಿತ್ತು. ಈಗ ಒಂದು ವಿಎಂನ ಫೈಲ್ ಸರ್ವರ್ ಮಾಡಿದೀನಿ, ನೆಟ್‌ವರ್ಕ್‌ನಲ್ಲಿರೋ ಬೇರೆ ಮಷೀನ್‌ಗಳು ಅದನ್ನ ನೇರವಾಗಿ ತಲುಪ್ಬೇಕು, ಒಂದೊಂದು ಪೋರ್ಟ್‌ನೂ ಫಾರ್ವರ್ಡ್ ಮಾಡ್ತಾ ಕೂರೋದು ಬೇಡ ಅಂತ ಬ್ರಿಡ್ಜ್‌ಗೆ (ಹೋಸ್ಟ್ ಒಳಗೇ ಇರೋ ಸಾಫ್ಟ್‌ವೇರ್ ಸ್ವಿಚ್) ಬಂದೆ.

ಮಾಡಿರೋದು ಇಷ್ಟು. ನೆಟ್‌ವರ್ಕ್‌ಮ್ಯಾನೇಜರ್‌ನಲ್ಲಿ ಬಿಆರ್0 ಅಂತ ಬ್ರಿಡ್ಜ್ ಮಾಡಿ, ಹೋಸ್ಟ್‌ನ ನೆಟ್‌ವರ್ಕ್ ಕಾರ್ಡ್ ಇಎನ್‌ಪಿ3ಎಸ್0 ಅನ್ನ ಅದರೊಳಗೆ ಸೇರಿಸಿದೀನಿ. ಹೋಸ್ಟ್‌ನ ಐಪಿ 192.168.1.10 ಈಗ ಬಿಆರ್0 ಮೇಲೆ ಇದೆ, ಕಾರ್ಡ್ ಮೇಲೆ ಯಾವ ಐಪಿನೂ ಇಲ್ಲ. ಹೋಸ್ಟ್‌ನಲ್ಲಿ ಇಂಟರ್ನೆಟ್‌ಗೆ ಏನೂ ತೊಂದ್ರೆ ಇಲ್ಲ. ವಿಎಂನ ನೆಟ್‌ವರ್ಕ್ ಸೋರ್ಸ್ ಬಿಆರ್0 ಅಂತ ಬದಲಾಯಿಸಿದೀನಿ, ವಿಎಂ ಆನ್ ಮಾಡಿದ್ರೆ ಹೋಸ್ಟ್‌ನಲ್ಲಿ ವಿನೆಟ್0 ಅನ್ನೋ ವಿಎಂ ಪೋರ್ಟ್ ಕಾಣ್ಸುತ್ತೆ, ಬ್ರಿಡ್ಜ್ ಲಿಂಕ್ ಕಮಾಂಡ್ ಕೊಟ್ರೆ ಎರಡೂ ಪೋರ್ಟ್ ಫಾರ್ವರ್ಡಿಂಗ್ ಸ್ಟೇಟ್ ಅಂತಾನೇ ತೋರಿಸುತ್ತೆ.

ಆದ್ರೆ ವಿಎಂಗೆ ಡಿಎಚ್‌ಸಿಪಿಯಿಂದ (ಐಪಿ ತಾನಾಗೇ ಹಂಚೋ ವ್ಯವಸ್ಥೆ) ಐಪಿನೇ ಬರ್ತಿಲ್ಲ. ಸರಿ ಅಂತ ಕೈಯಿಂದ 192.168.1.50 ಕೊಟ್ಟೆ, ಈಗ ವಿಎಂನಿಂದ ಹೋಸ್ಟ್‌ಗೆ ಪಿಂಗ್ ಆಗುತ್ತೆ, ಹೋಸ್ಟ್‌ನಿಂದ ವಿಎಂಗೂ ಆಗುತ್ತೆ, ರೂಟರ್ 192.168.1.1ಗೆ ಮಾತ್ರ ಆಗಲ್ಲ, ನೆಟ್‌ವರ್ಕ್‌ನ ಬೇರೆ ಯಾವ ಮಷೀನ್‌ಗೂ ಆಗಲ್ಲ. ನಂಗೆ ಅರ್ಥ ಆಗದೇ ಇರೋದು ಏನಂದ್ರೆ, ವಿಎಂ ಒಳಗೆ ಐಪಿ ನೇಬರ್ ಕೊಟ್ರೆ ರೂಟರ್‌ನ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡ್‌ನ ಹಾರ್ಡ್‌ವೇರ್ ಅಡ್ರೆಸ್) ಸರಿಯಾಗಿ ಬಂದಿರುತ್ತೆ! ಮ್ಯಾಕ್ ಸಿಕ್ತು ಅಂದ್ರೆ ದಾರಿ ಇದೆ ಅಂತಾನೇ ತಾನೆ? ಹೋಸ್ಟ್‌ನಲ್ಲಿ ಯುಎಫ್‌ಡಬ್ಲ್ಯೂ ಫೈರ್‌ವಾಲ್ ಆಫ್ ಇದೆ. ಬ್ರಿಡ್ಜ್ ಅಳಿಸಿ ಮತ್ತೆ ಮಾಡಿದ್ರೂ ಅದೇ ಕಥೆ. ಇನ್ನೆಲ್ಲಿ ನೋಡ್ಬೇಕು ಹೇಳಿ.

ಉತ್ತರ 1

ಹೋಸ್ಟ್ ವೈಫೈನಲ್ಲಿ ಇಲ್ಲ ತಾನೆ? ಕಾರ್ಡ್ ಹೆಸರು ನೋಡಿದ್ರೆ ವೈರ್ ಅಂತಾನೇ ಅನ್ಸುತ್ತೆ, ಆದ್ರೂ ಇದೇ ಪ್ರಾಬ್ಲಂ ಹುಡುಕ್ಕೊಂಡು ಬರೋವ್ರಲ್ಲಿ ಲ್ಯಾಪ್‌ಟಾಪ್‌ನವರು ಜಾಸ್ತಿ ಇರ್ತಾರೆ, ಅವರಿಗೋಸ್ಕರ ಬರೀತಿದೀನಿ. ಮಾಮೂಲಿ ಕ್ಲೈಂಟ್ ಆಗಿ ಕನೆಕ್ಟ್ ಆಗಿರೋ ವೈಫೈ ಕಾರ್ಡ್‌ನ ಬ್ರಿಡ್ಜ್‌ಗೆ ಸೇರಿಸೋಕೆ ಆಗಲ್ಲ. ಆಕ್ಸೆಸ್ ಪಾಯಿಂಟ್ ತನ್ನ ಹತ್ರ ರಿಜಿಸ್ಟರ್ ಆಗಿರೋ ಮ್ಯಾಕ್‌ನಿಂದ ಬಂದ ಫ್ರೇಮ್ ಮಾತ್ರ ತಗೊಳುತ್ತೆ, ನಿಮ್ಮ ವಿಎಂ ಮ್ಯಾಕ್ ಅದಕ್ಕೆ ಗೊತ್ತೇ ಇರಲ್ಲ. ನಾಲ್ಕು ಅಡ್ರೆಸ್ ಇರೋ ಡಬ್ಲ್ಯೂಡಿಎಸ್ ಮೋಡ್ ಅಂತ ಒಂದಿದೆ, ಅದಕ್ಕೆ ಆಕ್ಸೆಸ್ ಪಾಯಿಂಟ್ ಕಡೆಯಿಂದ್ಲೂ ಸಪೋರ್ಟ್ ಬೇಕು. ಇಲ್ಲ ಅಂದ್ರೆ ನ್ಯಾಟ್‌ನಲ್ಲೇ ಇರಿ, ಅಥವಾ ವಿಎಂಗಳಿಗೆ ಬೇರೆ ಸಬ್‌ನೆಟ್ ಕೊಟ್ಟು ರೂಟ್ ಮಾಡಿ.

ವೈರ್ ಆಗಿದ್ರೆ ಇದು ಬೇರೇನೋ.

ಉತ್ತರ 2

ನೀವು ಕೊನೆಗೆ ಬರೆದ ಆ ಮ್ಯಾಕ್ ಅಡ್ರೆಸ್ ವಿಷಯ ಇದೆಯಲ್ಲ, ಅದರಲ್ಲೇ ಮುಕ್ಕಾಲು ಉತ್ತರ ಇದೆ. ರೂಟರ್‌ನ ಮ್ಯಾಕ್ ವಿಎಂಗೆ ಸಿಕ್ಕಿದೆ ಅಂದ್ರೆ ಎಆರ್‌ಪಿಯಲ್ಲಿ (ಈ ಐಪಿಯ ಮ್ಯಾಕ್ ಯಾವುದು ಅಂತ ಕೇಳೋ ವಿಧಾನ) ಕೇಳಿದ್ದು ವಿಎಂನಿಂದ ಹೊರಟು, ಬ್ರಿಡ್ಜ್ ದಾಟಿ, ಕೇಬಲ್ ದಾಟಿ, ಸ್ವಿಚ್ ದಾಟಿ ರೂಟರ್ ಮುಟ್ಟಿದೆ, ಅದರ ಉತ್ತರ ಅದೇ ದಾರೀಲಿ ವಾಪಸ್ ಬಂದಿದೆ. ಹಾಗಾಗಿ ಬ್ರಿಡ್ಜ್ ಸರಿ ಇದೆ, ಅದನ್ನ ಮತ್ತೆ ಮತ್ತೆ ಅಳಿಸಿ ಕಟ್ಟೋದ್ರಿಂದ ಏನೂ ಸಿಗಲ್ಲ. ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ ಇದ್ದು ಒಂದೇ ಮ್ಯಾಕ್ ಬಿಡೋ ಹಾಗಿದ್ರೆ ಎಆರ್‌ಪಿನೂ ಸಾಯ್ತಿತ್ತು, ಅದೂ ಅಲ್ಲ. ಎಆರ್‌ಪಿ ದಾಟುತ್ತೆ, ಐಪಿ ಪ್ಯಾಕೆಟ್ ದಾಟಲ್ಲ. ಹೀಗೆ ಭೇದ ಮಾಡೋದು ಫೈರ್‌ವಾಲ್ ಥರದ್ದು ಮಾತ್ರ.

ಆದ್ರೆ ಊಹೆ ಮೇಲೆ ಸೆಟ್ಟಿಂಗ್ ಮುಟ್ಟೋಕೆ ಹೋಗ್ಬೇಡಿ, ಮೊದ್ಲು ಪ್ಯಾಕೆಟ್ ಎಲ್ಲಿ ಸಾಯುತ್ತೆ ಅಂತ ಕಣ್ಣಲ್ಲಿ ನೋಡ್ಕೊಳ್ಳಿ. ಹೋಸ್ಟ್‌ನಲ್ಲಿ ಎರಡು ಟರ್ಮಿನಲ್ ತೆಗೀರಿ, ಒಂದ್ರಲ್ಲಿ ವಿನೆಟ್0 ಮೇಲೆ ಟಿಸಿಪಿಡಂಪ್ (ಹಾದುಹೋಗೋ ಪ್ಯಾಕೆಟ್ ತೋರಿಸೋ ಟೂಲ್), ಇನ್ನೊಂದ್ರಲ್ಲಿ ಇಎನ್‌ಪಿ3ಎಸ್0 ಮೇಲೆ. ಡಿಎಚ್‌ಸಿಪಿಗೆ ಪೋರ್ಟ್ 67, 68 ಫಿಲ್ಟರ್ ಸಾಕು, ಪಿಂಗ್‌ಗೆ ಎಆರ್‌ಪಿ ಮತ್ತೆ ಐಸಿಎಂಪಿ. ವಿನೆಟ್0 ಅಂದ್ರೆ ವಿಎಂನ ಕೇಬಲ್ ತುದಿ ಅಂತ ಇಟ್ಕೊಳ್ಳಿ, ಅಲ್ಲಿ ಕಾಣ್ಸಿದ್ದು ವಿಎಂನಿಂದ ಹೊರಬಂದಿದೆ. ಅದೇ ಪ್ಯಾಕೆಟ್ ಇಎನ್‌ಪಿ3ಎಸ್0 ಮೇಲೆ ಕಾಣ್ಸಿದ್ರೆ ಹೋಸ್ಟ್ ದಾಟಿದೆ, ಆಗ ತೊಂದ್ರೆ ಹೊರಗೆ ಹುಡುಕ್ಬೇಕು. ಅಲ್ಲಿ ಕಾಣ್ಸದೇ ಹೋದ್ರೆ ಹೋಸ್ಟ್ ಒಳಗೇ ಸತ್ತಿದೆ.

ಜೊತೆಗೆ ಐಪಿಟೇಬಲ್ಸ್‌ನ (ಲಿನಕ್ಸ್ ಫೈರ್‌ವಾಲ್) ಫಾರ್ವರ್ಡ್ ಚೈನ್‌ನ, ಅಂದ್ರೆ ಹೋಸ್ಟ್ ಮೂಲಕ ದಾಟೋ ಪ್ಯಾಕೆಟ್‌ಗಳ ರೂಲ್ ಪಟ್ಟಿನ, ಕೌಂಟರ್ ಸಮೇತ ಲಿಸ್ಟ್ ಮಾಡಿ, ಮೈನಸ್ ವಿ ಹಾಕಿದ್ರೆ ಕೌಂಟರ್ ಬರುತ್ತೆ. ಮೊದಲ ಸಾಲಲ್ಲಿ ಪಾಲಿಸಿ ಆಕ್ಸೆಪ್ಟ್ ಅಂತ ಇದೆಯಾ ಡ್ರಾಪ್ ಅಂತ ಇದೆಯಾ ನೋಡಿ. ಇನ್ನೊಂದು ಮಾತು, ಆ ಹೋಸ್ಟ್ ಮೇಲೆ ಡಾಕರ್ (ಆಪ್‌ಗಳನ್ನ ಕಂಟೈನರ್ ಅನ್ನೋ ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸೋ ಸಾಫ್ಟ್‌ವೇರ್) ಏನಾದ್ರೂ ಇದೆಯಾ?

ಪ್ರಶ್ನೆ ಕೇಳಿದವರು

ವೈರ್‌ನಲ್ಲೇ ಇರೋದು, ವೈಫೈ ಅಲ್ಲ. ನೀವು ಹೇಳಿದ ಹಾಗೆ ಎರಡೂ ಕಡೆ ಟಿಸಿಪಿಡಂಪ್ ಹಾಕಿ ನೋಡ್ದೆ. ವಿನೆಟ್0 ಮೇಲೆ ಡಿಎಚ್‌ಸಿಪಿ ಡಿಸ್ಕವರ್ (ಐಪಿ ಕೇಳೋ ಪ್ಯಾಕೆಟ್) ಮತ್ತೆ ಮತ್ತೆ ಬರ್ತಾನೇ ಇದೆ, ಇಎನ್‌ಪಿ3ಎಸ್0 ಮೇಲೆ ಒಂದೂ ಇಲ್ಲ. ಸ್ಟಾಟಿಕ್ ಐಪಿ ಕೊಟ್ಟು ರೂಟರ್‌ಗೆ ಪಿಂಗ್ ಮಾಡಿದ್ರೆ ಎಆರ್‌ಪಿ ಪ್ರಶ್ನೆನೂ ಉತ್ತರನೂ ಎರಡೂ ಕಡೆ ಕಾಣ್ಸುತ್ತೆ, ಐಸಿಎಂಪಿ ಎಕೋ ಮಾತ್ರ ವಿನೆಟ್0 ಮೇಲೆ ಬಂದು ಅಲ್ಲಿಗೇ ನಿಂತ್ಹೋಗುತ್ತೆ.

ಫಾರ್ವರ್ಡ್ ಚೈನ್ ಪಾಲಿಸಿ ಡ್ರಾಪ್ ಅಂತ ಇದೆ, ವಿಎಂನಲ್ಲಿ ಪಿಂಗ್ ಬಿಟ್ಟು ಹೋಸ್ಟ್‌ನಲ್ಲಿ ಲಿಸ್ಟ್ ಮಾಡ್ತಾ ಹೋದ್ರೆ ಆ ಡ್ರಾಪ್ ಪಕ್ಕದ ನಂಬರ್ ಏರ್ತಾನೇ ಇರುತ್ತೆ. ಮತ್ತೆ ಹೌದು, ಡಾಕರ್ ಇದೆ, ಕೆಲವು ಕಂಟೈನರ್ ಓಡ್ತಿವೆ. ಆದ್ರೆ ಅವು ಡಾಕರ್0 ಬ್ರಿಡ್ಜ್‌ನಲ್ಲಿ ಇರೋದು, ಬಿಆರ್0ಗೂ ಅದಕ್ಕೂ ಸಂಬಂಧನೇ ಇಲ್ವಲ್ಲ? ಮತ್ತೆ ಬ್ರಿಡ್ಜ್ ಅಂದ್ರೆ ಲೇಯರ್ 2 (ಮ್ಯಾಕ್ ನೋಡೋ ಮಟ್ಟ), ಐಪಿಟೇಬಲ್ಸ್ ಲೇಯರ್ 3 (ಐಪಿ ನೋಡೋ ಮಟ್ಟ), ಇವೆರಡು ಎಲ್ಲಿ ಸೇರ್ತವೆ?

ಉತ್ತರ 2

ಸೇರಿಸೋದು ಬಿಆರ್_ನೆಟ್‌ಫಿಲ್ಟರ್ ಅನ್ನೋ ಕರ್ನಲ್ ಮಾಡ್ಯೂಲ್. ನೀವು ಹೇಳಿದ್ದು ಸರಿ, ಬ್ರಿಡ್ಜ್ ಒಂದೇ ಇದ್ರೆ ಅದು ಫ್ರೇಮ್‌ನ ಒಂದು ಪೋರ್ಟ್‌ನಿಂದ ತಗೊಂಡು ಇನ್ನೊಂದಕ್ಕೆ ಕೊಟ್ಟು ಸುಮ್ನಾಗುತ್ತೆ, ಐಪಿಟೇಬಲ್ಸ್ ಕಡೆ ತಿರುಗಿನೂ ನೋಡಲ್ಲ. ಆದ್ರೆ ಈ ಮಾಡ್ಯೂಲ್ ಲೋಡ್ ಆಯ್ತು ಅಂದ್ರೆ ಬ್ರಿಡ್ಜ್ ದಾಟೋ ಐಪಿ ಪ್ಯಾಕೆಟ್‌ಗಳನ್ನೂ ಐಪಿಟೇಬಲ್ಸ್‌ನ ಫಾರ್ವರ್ಡ್ ಚೈನ್ ಮೂಲಕ ಹಾಯಿಸುತ್ತೆ, ಅದೂ ಯಾವುದೋ ಒಂದು ಬ್ರಿಡ್ಜ್‌ಗೆ ಅಲ್ಲ, ಹೋಸ್ಟ್‌ನಲ್ಲಿರೋ ಎಲ್ಲಾ ಬ್ರಿಡ್ಜ್‌ಗೂ. ಕರ್ನಲ್ 3.18ಕ್ಕಿಂತ ಮುಂಚೆ ಇದು ಬ್ರಿಡ್ಜ್ ಕೋಡ್ ಜೊತೇಲೇ ಬರ್ತಿತ್ತು, ಆಮೇಲೆ ಬೇರೆ ಮಾಡ್ಯೂಲ್ ಮಾಡಿದ್ರು, ಹಾಗಾಗಿ ಈಗ ಯಾರಾದ್ರೂ ಬೇಕು ಅಂದಾಗ ಮಾತ್ರ ಬರುತ್ತೆ. ಎಲ್ಎಸ್‌ಮಾಡ್ ಕೊಟ್ಟು ನೋಡಿ, ಖಂಡಿತ ಅಲ್ಲಿರುತ್ತೆ.

ಡಾಕರ್‌ಗೆ ಕಂಟೈನರ್‌ಗಳ ನಡುವೆ ರೂಲ್ಸ್ ಹಾಕೋಕೆ ಅದು ಬೇಕಾಗುತ್ತೆ. ಜೊತೆಗೆ 1.13 ವರ್ಷನ್‌ನಿಂದ ಈಚೆಗೆ ಡಾಕರ್ ಫಾರ್ವರ್ಡ್ ಪಾಲಿಸಿನ ಡ್ರಾಪ್ ಮಾಡುತ್ತೆ, ಹೊರಗಿನವರು ಹೋಸ್ಟ್ ಮೂಲಕ ನೇರವಾಗಿ ಕಂಟೈನರ್ ಒಳಗೆ ನುಗ್ಗಬಾರ್ದು ಅಂತ. ಅದು ಬೇಕಾಗಿರೋ ರಕ್ಷಣೆನೇ, ಅದರದ್ದು ತಪ್ಪು ಅನ್ನೋಕಾಗಲ್ಲ. ಆದ್ರೆ ಮಾಡ್ಯೂಲ್ ಮತ್ತೆ ಆ ಪಾಲಿಸಿ ಎರಡೂ ಒಟ್ಟಿಗೆ ಬಂದಾಗ ಸಂಬಂಧನೇ ಇಲ್ಲದ ನಿಮ್ಮ ಬಿಆರ್0 ಪ್ಯಾಕೆಟ್‌ಗಳೂ ಅದೇ ಚೈನ್‌ಗೆ ಬಂದು, ಯಾವ ರೂಲ್‌ಗೂ ಮ್ಯಾಚ್ ಆಗದೆ, ಕೊನೆಗೆ ಪಾಲಿಸಿಗೆ ಬಿದ್ದು ಡ್ರಾಪ್ ಆಗ್ತವೆ. ಎಆರ್‌ಪಿ ಐಪಿಟೇಬಲ್ಸ್‌ಗೆ ಹೋಗಲ್ಲ, ಅದಕ್ಕೆ ದಾಟುತ್ತೆ. ಹೋಸ್ಟ್ ಮತ್ತೆ ವಿಎಂ ನಡುವಿನ ಮಾತು ಇನ್‌ಪುಟ್, ಔಟ್‌ಪುಟ್ ಚೈನ್‌ನಲ್ಲಿ ಮುಗಿದುಹೋಗುತ್ತೆ, ಫಾರ್ವರ್ಡ್‌ಗೆ ಬರೋದೇ ಇಲ್ಲ, ಅದಕ್ಕೆ ಆ ಪಿಂಗ್ ಆಗುತ್ತೆ. ನೀವು ಬರೆದ ಒಂದೊಂದು ಲಕ್ಷಣಕ್ಕೂ ಇಲ್ಲೇ ಕಾರಣ ಇದೆ.

ಪರಿಹಾರ: ಡಾಕರ್-ಯೂಸರ್ ಅಂತ ಒಂದು ಚೈನ್ ಇದೆ, ನಮ್ಮ ರೂಲ್ಸ್ ಹಾಕ್ಕೊಳ್ಳೋಕೆ ಅಂತಾನೇ ಡಾಕರ್ ಬಿಟ್ಟಿರೋದು, ಫಾರ್ವರ್ಡ್‌ನಲ್ಲಿ ಡಾಕರ್‌ನ ಉಳಿದ ರೂಲ್‌ಗಳಿಗಿಂತ ಮುಂಚೆ ಓಡುತ್ತೆ. ಅದರ ತಲೆ ಮೇಲೆ ಒಂದು ರೂಲ್ ಸೇರಿಸಿ, ಒಳಗೆ ಬರೋ ಇಂಟರ್ಫೇಸ್ ಬಿಆರ್0, ಹೊರಗೆ ಹೋಗೋದೂ ಬಿಆರ್0, ಟಾರ್ಗೆಟ್ ಆಕ್ಸೆಪ್ಟ್. ಎರಡೂ ಕಡೆ ಬಿಆರ್0 ಅಂತಾನೇ ಕೊಡ್ಬೇಕು, ಯಾಕಂದ್ರೆ ಐಪಿಟೇಬಲ್ಸ್‌ಗೆ ವಿನೆಟ್0 ಆಗ್ಲಿ ಇಎನ್‌ಪಿ3ಎಸ್0 ಆಗ್ಲಿ ಕಾಣ್ಸಲ್ಲ, ಬ್ರಿಡ್ಜ್ ಹೆಸರೇ ಕಾಣ್ಸೋದು. ಪೋರ್ಟ್ ಹೆಸರಲ್ಲೇ ಮ್ಯಾಚ್ ಮಾಡ್ಬೇಕು ಅಂದ್ರೆ ಫಿಸ್‌ಡೆವ್ ಮ್ಯಾಚ್ ಬೇಕು, ಇಲ್ಲಿ ಅದರ ಅವಶ್ಯಕತೆ ಇಲ್ಲ. ಫಾರ್ವರ್ಡ್ ಪಾಲಿಸಿನೇ ಆಕ್ಸೆಪ್ಟ್ ಮಾಡಿ ಅಂತ ಎಷ್ಟೋ ಕಡೆ ಬರೆದಿರ್ತಾರೆ, ದಯವಿಟ್ಟು ಬೇಡ, ಕಂಟೈನರ್‌ಗಳಿಗಿದ್ದ ರಕ್ಷಣೆ ಹೋಗುತ್ತೆ.

ಉತ್ತರ 3

ಮೇಲಿನವರು ಹೇಳಿದ ಕಾರಣ ನೂರಕ್ಕೆ ನೂರು ಒಪ್ತೀನಿ, ಆದ್ರೆ ರೂಲ್ ಸೇರಿಸೋ ಬದಲು ಸಿಸ್‌ಕಂಟ್ರೋಲ್‌ನಲ್ಲಿ (ಕರ್ನಲ್ ಸೆಟ್ಟಿಂಗ್ ಬದಲಾಯಿಸೋ ಕಮಾಂಡ್) ಬ್ರಿಡ್ಜ್-ಎನ್‌ಎಫ್-ಕಾಲ್-ಐಪಿಟೇಬಲ್ಸ್ ಅನ್ನ 0 ಮಾಡೋದೇ ನೇರ ದಾರಿ ಅನ್ನೋದು ನನ್ನ ಅಭಿಪ್ರಾಯ. ಬ್ರಿಡ್ಜ್ ಬ್ರಿಡ್ಜ್ ಥರ ಕೆಲಸ ಮಾಡ್ಲಿ, ಪ್ರತಿ ಪ್ಯಾಕೆಟ್‌ನೂ ಫೈರ್‌ವಾಲ್ ಮೂಲಕ ಯಾಕೆ ಎಳೀಬೇಕು? ಐಪಿವಿ6 ಇದ್ರೆ ಐಪಿ6ಟೇಬಲ್ಸ್‌ದೂ 0 ಮಾಡಿ, ಅದು ಬೇರೆ ಕೀ.

ಆದ್ರೆ ಒಂದು ವಿಷಯ ಇಲ್ಲಿ ಹುಷಾರಾಗಿರಿ. ಇದನ್ನ ಸಿಸ್‌ಕಂಟ್ರೋಲ್ ಡಿ ಫೋಲ್ಡರ್‌ನಲ್ಲಿ ಫೈಲ್ ಮಾಡಿ ಬರೆದಿಟ್ರೆ, ಬೂಟ್ ಆಗೋವಾಗ ಆ ಫೈಲ್ ಓದೋ ಹೊತ್ತಿಗೆ ಮಾಡ್ಯೂಲ್ ಇನ್ನೂ ಬಂದಿರಲ್ಲ, ಹಾಗಾಗಿ ಆ ಕೀನೇ ಇರಲ್ಲ, ಸೆಟ್ಟಿಂಗ್ ಹಂಗೇ ಬಿಟ್ಹೋಗುತ್ತೆ. ಆಮೇಲೆ ಡಾಕರ್ ಎದ್ದು ಮಾಡ್ಯೂಲ್ ಲೋಡ್ ಮಾಡಿದಾಗ ಬೆಲೆ ಮತ್ತೆ 1. ಕೈಯಿಂದ ಕಮಾಂಡ್ ಕೊಟ್ಟಾಗ ಸರಿಹೋಗುತ್ತೆ, ರೀಬೂಟ್ ಆದ್ರೆ ಮತ್ತೆ ಹಾಳು, ಜನ ತಲೆ ಕೆಡಿಸ್ಕೊಳ್ಳೋದು ಇಲ್ಲೇ. ಮಾಡ್ಯೂಲ್ಸ್-ಲೋಡ್ ಡಿ ಫೋಲ್ಡರ್‌ನಲ್ಲಿ ಬಿಆರ್_ನೆಟ್‌ಫಿಲ್ಟರ್ ಅಂತ ಒಂದು ಸಾಲು ಬರೆದ್ರೆ ಅದು ಮೊದ್ಲೇ ಲೋಡ್ ಆಗುತ್ತೆ, ಆಮೇಲೆ ಸಿಸ್‌ಕಂಟ್ರೋಲ್ ಕೂರುತ್ತೆ. ಇಲ್ಲ ಅಂದ್ರೆ ಮಾಡ್ಯೂಲ್ ಬಂದ ತಕ್ಷಣ ಸೆಟ್ಟಿಂಗ್ ಹಾಕೋ ಹಾಗೆ ಯುಡೆವ್ ರೂಲ್ ಬರೀಬಹುದು, ಸಿಸ್‌ಕಂಟ್ರೋಲ್ ಡಿ ಮ್ಯಾನ್ ಪೇಜ್‌ನಲ್ಲಿ ಇದೇ ಮಾಡ್ಯೂಲ್‌ನ ಉದಾಹರಣೆ ಇಟ್ಕೊಂಡು ಎರಡೂ ದಾರಿ ಕೊಟ್ಟಿದ್ದಾರೆ.

ಉತ್ತರ 2

ಬರೀ ವಿಎಂ ಓಡಿಸೋ ಹೋಸ್ಟ್ ಆದ್ರೆ ನಾನೂ 0 ಅಂತಾನೇ ಹೇಳ್ತಿದ್ದೆ. ಇವರ ಹೋಸ್ಟ್‌ನಲ್ಲಿ ಕಂಟೈನರ್ ಇವೆ, ಅದು ನಂಗೆ ಯೋಚನೆ. ಒಂದೇ ಬ್ರಿಡ್ಜ್‌ನಲ್ಲಿರೋ ಎರಡು ಕಂಟೈನರ್ ನಡುವೆ ಫಿಲ್ಟರ್ ಮಾಡೋದು ಆ ಸೆಟ್ಟಿಂಗ್ ಇದ್ರೆ ಮಾತ್ರ ಸಾಧ್ಯ. ನಾಳೆ ಕ್ಯೂಬರ್ನೆಟಿಸ್ (ತುಂಬಾ ಕಂಟೈನರ್‌ಗಳನ್ನ ನಿಭಾಯಿಸೋ ಸಾಫ್ಟ್‌ವೇರ್) ಹಾಕಿದ್ರೆ ಇನ್ನೂ ಕಷ್ಟ, ಒಂದೇ ನೋಡ್‌ನ (ಮಷೀನ್‌ನ) ಪಾಡ್‌ಗಳು (ಕಂಟೈನರ್ ಗುಂಪುಗಳು) ಸರ್ವೀಸ್ ಐಪಿ ಮೂಲಕ ಮಾತಾಡುವಾಗ ಉತ್ತರದ ಪ್ಯಾಕೆಟ್ ಬ್ರಿಡ್ಜ್‌ನಲ್ಲೇ ನೇರವಾಗಿ ವಾಪಸ್ ಹೋಗ್ಬಿಡುತ್ತೆ, ಅಡ್ರೆಸ್ ತಿರುಗಿಸೋ ಹಂತಾನೇ ತಪ್ಪಿಹೋಗುತ್ತೆ, ಕನೆಕ್ಷನ್ ನಿಲ್ಲಲ್ಲ. ಹಾಗೆ ಕೆಟ್ಟಾಗ ಇಲ್ಲಿ 0 ಮಾಡಿದ್ದು ಯಾರಿಗೂ ನೆನಪಿರಲ್ಲ.

ಎರಡೂ ಬೇಕು ಅಂದ್ರೆ ಒಂದು ದಾರಿ ಇದೆ. ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ಸೆಟ್ಟಿಂಗ್‌ಗಳು ಫೈಲ್ ಥರ ಕಾಣೋ ಜಾಗ) ಪ್ರತಿ ಬ್ರಿಡ್ಜ್‌ಗೂ ತನ್ನದೇ ಎನ್‌ಎಫ್_ಕಾಲ್_ಐಪಿಟೇಬಲ್ಸ್ ಇದೆ. ಗ್ಲೋಬಲ್ (ಸಿಸ್‌ಕಂಟ್ರೋಲ್‌ನದ್ದು) 1 ಇದ್ರೆ ಇದು 0 ಇದ್ರೂ ಪ್ರಯೋಜನ ಇಲ್ಲ, ಎರಡರಲ್ಲಿ ಒಂದು 1 ಇದ್ರೂ ಪ್ಯಾಕೆಟ್ ಐಪಿಟೇಬಲ್ಸ್‌ಗೆ ಹೋಗುತ್ತೆ. ಹಾಗಾಗಿ ಗ್ಲೋಬಲ್ 0 ಮಾಡಿ ಡಾಕರ್0ಗೆ ಮಾತ್ರ 1 ಕೊಟ್ರೆ ಬಿಆರ್0 ಬಚಾವ್, ಡಾಕರ್0ನೂ ಬಚಾವ್. ಆದ್ರೆ ಡಾಕರ್‌ನಲ್ಲಿ ಹೊಸ ನೆಟ್‌ವರ್ಕ್ ಮಾಡಿದಾಗೆಲ್ಲ ಹೊಸ ಬ್ರಿಡ್ಜ್ ಹುಟ್ಟುತ್ತೆ, ಅದಕ್ಕೂ 1 ಕೊಡೋದು ನೆನಪಿಟ್ಕೋಬೇಕು. ಅದಕ್ಕೇ ನನ್ನ ಓಟು ಆ ಒಂದು ಸಾಲಿನ ರೂಲ್‌ಗೆ.

ಉತ್ತರ 4

ಮ್ಯಾಕ್‌ವಿಟ್ಯಾಪ್ (ವಿಎಂನ ನೇರವಾಗಿ ಹೋಸ್ಟ್ ಕಾರ್ಡ್‌ಗೆ ಜೋಡಿಸೋ ವಿಧಾನ) ಹಾಕಿ, ಬ್ರಿಡ್ಜ್ ಗೊಡವೆನೇ ಬೇಡ ಅಂತ ಯಾರಾದ್ರೂ ಹೇಳೋ ಮುಂಚೆ ಹೇಳ್ಬಿಡ್ತೀನಿ, ಅದರಲ್ಲಿ ವಿಎಂಗೆ ಹೊರಗಿನ ಮಷೀನ್ ಎಲ್ಲಾ ಸಿಗುತ್ತೆ, ತನ್ನ ಹೋಸ್ಟ್ ಮಾತ್ರ ಸಿಗಲ್ಲ. ಫೈಲ್ ಸರ್ವರ್‌ನ ಹೋಸ್ಟ್‌ನಿಂದ್ಲೂ ತೆಗೀಬೇಕು ಅಂದ್ರೆ ಅದು ಆಗಲ್ಲ.

ಇನ್ನೊಂದು, ನೆಟ್‌ವರ್ಕ್‌ಮ್ಯಾನೇಜರ್ ಮಾಡಿದ ಬ್ರಿಡ್ಜ್‌ನಲ್ಲಿ ಎಸ್‌ಟಿಪಿ (ನೆಟ್‌ವರ್ಕ್‌ನಲ್ಲಿ ಲೂಪ್ ಆಗದ ಹಾಗೆ ತಡೆಯೋ ವ್ಯವಸ್ಥೆ) ಮೊದಲಿಂದ್ಲೇ ಆನ್ ಇರುತ್ತೆ. ಫಾರ್ವರ್ಡ್ ಡಿಲೇ 15 ಸೆಕೆಂಡ್, ಲಿಸನಿಂಗ್‌ಗೆ ಒಂದು ಸಲ ಲರ್ನಿಂಗ್‌ಗೆ ಒಂದು ಸಲ, ಒಟ್ಟು 30 ಸೆಕೆಂಡ್ ವಿಎಂ ಪೋರ್ಟ್‌ನಲ್ಲಿ ಏನೂ ದಾಟಲ್ಲ. ಈಗ ನಿಮ್ಮ ಪ್ರಾಬ್ಲಂ ಅದಲ್ಲ, ಆದ್ರೆ ಇದು ಸರಿಹೋದ ಮೇಲೂ ವಿಎಂ ಬೂಟ್ ಆದಾಗ ಐಪಿ ತಡವಾಗಿ ಬಂತು ಅಂದ್ರೆ ಕಾರಣ ಇದೇ ಇರ್ಬಹುದು. ಹೋಸ್ಟ್‌ನ ಒಂದೇ ಕೇಬಲ್ ಸ್ವಿಚ್‌ಗೆ ಹೋಗಿದೆ, ಲೂಪ್ ಆಗೋ ಸಾಧ್ಯತೆ ಇಲ್ಲ ಅಂದ್ರೆ ಎಸ್‌ಟಿಪಿ ಆಫ್ ಮಾಡಿ. ಎಸ್ಎಸ್ಎಚ್‌ನಲ್ಲಿ (ದೂರದಿಂದ ಲಾಗಿನ್ ಆಗಿ) ಕೂತು ಬ್ರಿಡ್ಜ್ ಸೆಟ್ಟಿಂಗ್ ಮುಟ್ಬೇಡಿ, ಹೋಸ್ಟ್ ಎದುರು ಕೂತ್ಕೊಂಡೇ ಮಾಡಿ. ನೆಟ್‌ಪ್ಲಾನ್ (ನೆಟ್‌ವರ್ಕ್ ಸೆಟ್ಟಿಂಗ್ ಟೂಲ್) ಬಳಸೋವ್ರಿಗೆ ನೆಟ್‌ಪ್ಲಾನ್ ಟ್ರೈ ಕಮಾಂಡ್ ಇದೆ, 120 ಸೆಕೆಂಡ್ ಒಳಗೆ ಓಕೆ ಅನ್ನಲಿಲ್ಲ ಅಂದ್ರೆ ಹಳೇ ಸೆಟ್ಟಿಂಗ್‌ಗೆ ತಾನೇ ವಾಪಸ್ ಹೋಗುತ್ತೆ.

ಪ್ರಶ್ನೆ ಕೇಳಿದವರು

ಡಾಕರ್-ಯೂಸರ್ ಚೈನ್‌ಗೆ ಬಿಆರ್0 ರೂಲ್ ಹಾಕಿದ ಕ್ಷಣಕ್ಕೇ ಇಎನ್‌ಪಿ3ಎಸ್0 ಮೇಲೆ ಡಿಸ್ಕವರ್ ಕಾಣ್ತು, ಹಿಂದೇನೇ ಆಫರ್, ವಿಎಂಗೆ ಐಪಿ ಬಂತು! ಬೇರೆ ಮಷೀನ್‌ನಿಂದ ಫೈಲ್ ಸರ್ವರ್ ಓಪನ್ ಆಗ್ತಿದೆ. ಕಂಟೈನರ್‌ಗಳು ಬೇಕಾಗಿರೋದ್ರಿಂದ 0 ಮಾಡೋಕೆ ಹೋಗ್ಲಿಲ್ಲ. ರೀಬೂಟ್ ಆದ್ರೆ ರೂಲ್ ಹೋಗುತ್ತೆ ಅಂತ ಗೊತ್ತಾಯ್ತು, ಅದಕ್ಕೆ ಡಾಕರ್ ಎದ್ದ ಮೇಲೆ ಒಂದು ಸಲ ಓಡೋ ಹಾಗೆ ಸಿಸ್ಟಮ್‌ಡಿಯಲ್ಲಿ ಚಿಕ್ಕ ಒನ್‌ಶಾಟ್ ಯೂನಿಟ್ ಬರೆದೆ, ರೂಲ್ ಮೊದ್ಲೇ ಇದೆಯಾ ಅಂತ ಮೈನಸ್ ಸಿ ಕೊಟ್ಟು ನೋಡಿ ಇಲ್ಲದಿದ್ರೆ ಮಾತ್ರ ಸೇರಿಸುತ್ತೆ. ರೀಬೂಟ್ ಮಾಡಿ ನೋಡ್ದೆ, ನಿಂತಿದೆ. ಎಸ್‌ಟಿಪಿನೂ ಆಫ್ ಮಾಡ್ದೆ, ಐಪಿ ಈಗ ಬೂಟ್ ಆಗ್ತಿದ್ದ ಹಾಗೇ ಬರುತ್ತೆ. ಎಲ್ರಿಗೂ ತುಂಬಾ ಥ್ಯಾಂಕ್ಸ್.

ಉತ್ತರ 3

ಒಳ್ಳೇದಾಯ್ತು. ನೆಟ್‌ವರ್ಕ್‌ನಲ್ಲಿ ಐಪಿವಿ6 ಇದ್ರೆ ಐಪಿ6ಟೇಬಲ್ಸ್‌ನ ಫಾರ್ವರ್ಡ್ ಪಾಲಿಸಿನೂ ಒಂದ್ಸಲ ನೋಡಿ, ಅಲ್ಲೂ ಡ್ರಾಪ್ ಇದ್ರೆ ಇದೇ ರೂಲ್‌ನ ಅಲ್ಲೂ ಹಾಕಿ, ಅದನ್ನೂ ಅದೇ ಯೂನಿಟ್‌ಗೆ ಸೇರಿಸಿ.