ಎಮರ್ಜೆನ್ಸಿ ಸಿಸ್ಟರ್ಸ್‌ಗೆ ಮಕ್ಕಳ ಕೇಸ್ ಟ್ರೇನಿಂಗ್ ಹೆಂಗ ಕೊಡ್ಬೇಕು? ಅನುಭವ ಇದ್ದೋರು ಹೇಳ್ರಿ

ಕೇಳಿದವರು (ಯಾದಗಿರಿ ಜಿಲ್ಲಾ): ಎಲ್ಲರಿಗೂ ನಮಸ್ಕಾರ. ತಾಲೂಕು ದವಾಖಾನಿ ಕ್ಯಾಸುವಲ್ಟಿಗೆ ಹೊಸದಾಗಿ ಇನ್‌ಚಾರ್ಜ್ ಆಗೀನಿ. 9 ಮಂದಿ ಸಿಸ್ಟರ್ಸ್ ಅದಾರ. ದೊಡ್ಡೋರ ಕೇಸ್ ಎಂಥದ್ದೇ ಬರ್ಲಿ ಹಿಂದ ಸರಿಯಲ್ಲ, ಕೂಸು ಬಂತಂದ್ರ ಮಾತ್ರ ಎಲ್ಲರ ಕೈ ನಡಗ್ತಾವ. ರಾತ್ರಿ ಮಕ್ಕಳ ಡಾಕ್ಟರ್ ಫೋನ್ ಮ್ಯಾಲ ಅಷ್ಟೇ ಸಿಗ್ತಾರ. ಎಲ್ಲಿಂದ ಶುರು ಮಾಡ್ಲಿ?

ಉತ್ತರ (ಕಲಬುರಗಿ): ಅಕ್ಕೋರೆ, 14 ವರ್ಷ ಆಯ್ತು ನಾ ಕ್ಯಾಸುವಲ್ಟಿ ಡ್ಯೂಟಿ ಮಾಡ್ಲಿಕತ್ತು. ಒಂದು ದಿನ ಹಾಲ್‌ನಾಗ ಕೂಡ್ಸಿ ಸ್ಲೈಡ್ ತೋರ್ಸಿ ಸರ್ಟಿಫಿಕೇಟ್ ಕೊಡೋ ಟ್ರೇನಿಂಗ್ ನಾನೂ ಮಾಡೀನಿ, ಸ್ವಲ್ಪ ದಿನದಾಗ ಎಲ್ಲಾ ಮರ್ತು ಹೋಗ್ತದ. ದಿನಾ ಶಿಫ್ಟ್ ಬದಲಾಗೋ ಮುಂದ 10 ನಿಮಿಷ, ನಿಮ್ಮದೇ ಎಮರ್ಜೆನ್ಸಿ ಸಾಮಾನಿನ ಟ್ರಾಲಿ ಮುಂದ ನಿಂತು ಮಾಡ್ಸ್ರಿ. ಅದೇ ಕೈಗೆ ಹತ್ತೋದು.

ಮೊದಲ್ನೇ ವಾರ ಕೂಸನ್ನ ಮುಟ್ಟಲಾರದೇ ನೋಡೋದು ಅಷ್ಟೇ ಕಲಸ್ರಿ. ಬಾಗಲಾಗ ನಿಂತು ಅರ್ಧ ನಿಮಿಷ: ಕೂಸು ಕಣ್ಣಿಗೆ ಕಣ್ಣು ಕೊಡ್ತದೋ ಇಲ್ಲೋ, ಉಸಿರಾಡೋ ಮುಂದ ಪಕ್ಕಡಿ ಒಳಗ ಸೆಳಿತಾವೋ, ಮೈಬಣ್ಣ ಹೆಂಗದ. ಇದ್ಯಾಕ ಇಷ್ಟು ಒತ್ತಿ ಹೇಳ್ತೀನಿ ಅಂದ್ರ, ಒಂದು ಏಪ್ರಿಲ್ ರಾತ್ರಿ ಎರಡು ಕೂಸು ಒಮ್ಮೆಲೇ ಬಂದ್ವು. ಒಂದು ಕೈ ಮ್ಯಾಲ ಬಿಸಿ ಚಹಾ ಚೆಲ್ಲಿಕೊಂಡು ದವಾಖಾನಿ ಹಾರಿ ಹೋಗೋ ಹಂಗ ಚೀರ್ತಿತ್ತು, ನಾವು ಮೂರೂ ಮಂದಿ ಅದರ ಕಡಿಗೇ ಓಡಿದ್ವಿ. ಹಿಂದ ಒಬ್ಬಾಕಿ ಆಯಿ ಹೆಗಲ ಮ್ಯಾಲ 11 ತಿಂಗಳ ಕೂಸು ಹಾಕ್ಕೊಂಡು ಸುಮ್ನ ನಿಂತಿದ್ಳು, ಎರಡು ದಿನದಿಂದ ವಾಂತಿ ಭೇದಿ, "ಈಗ ಅಳೋದು ಬಿಟ್ಟಾದ್ರೀ, ಮಲಗ್ಯಾದ" ಅಂದ್ಳು. ಪಾದ ಮುಟ್ಟಿದ್ರ ಆ ಬ್ಯಾಸಗ್ಯಾಗೂ ತಣ್ಣಗ ನೀರು ಮುಟ್ಟಿದಂಗ. ಎದಿ ಮ್ಯಾಲ ಬೆರಳು ಒತ್ತಿ ಬಿಟ್ಟೆ, ಬಿಳಿ ಹೋಗಿ ಬಣ್ಣ ಬರಲಿಕ್ಕ 4 ಸೆಕೆಂಡ್ ಮ್ಯಾಲಾಯ್ತು. ಶಾಕ್‌ನಾಗ (ಮೈಗೆ ರಕ್ತ ಸಾಕಷ್ಟು ಹರಿಯದ ಸ್ಥಿತಿ) ಇತ್ತದು, ನಿದ್ದಿ ಅಲ್ಲ. ನರ ಸಿಗಲಿಲ್ಲ, ಎಲುಬಿಗೆ ಹಾಕೋ ಸೂಜಿ ಅಲ್ಮಾರದಾಗ, ಅಲ್ಮಾರದ ಕೀಲಿ ಮನಿಗೆ ಹೋದವರ ಕಿಸೆದಾಗ. ಕಡಿಗೆ ಕಾಲಾಗ ಒಂದು ನರ ಸಿಕ್ತು, ಸಲಾಯಿನ್ ಹೋಯ್ತು, ಬೆಳಗಾಗೋದ್ರಾಗ ಅತ್ತಿತು. ಆ ಅಳು ಕೇಳಿ ನಾನೂ ಅತ್ತೆ. ಅವತ್ತಿನಿಂದ ಹೊಸಬರಿಗೆ ಮೊದಲು ಹೇಳೋದು ಇದೇ, ಸುಮ್ನಿರೋ ಕೂಸಿನ ಕಡಿ ಮೊದಲು ಹೋಗ್ರಿ.

ಉಸಿರು ಪೂರ್ತಿ ಒಂದು ನಿಮಿಷ ಎಣಿಸಬೇಕು, ಅದೂ ಅವ್ವನ ತೊಡಿ ಮ್ಯಾಲ ಇದ್ದಾಗಲೇ, ಅಳಿಸಿ ಎಣಿಸಿದ್ರ ಉಪಯೋಗಿಲ್ಲ. 2 ತಿಂಗಳ ಒಳಗ 60, ಒಂದು ವರ್ಷದ ತನಕ 50, 5 ವರ್ಷದ ತನಕ 40, ಅಷ್ಟು ಅಥವಾ ಜಾಸ್ತಿ ಇದ್ರ ಜೋರು ಉಸಿರು ಅಂತ ಲೆಕ್ಕ.

ಇನ್ನ ತೂಕ. ಕೈ ನಡಗೋದು ಹೆಚ್ಚಾಗಿ ಡೋಸ್ ಹೆದರಿಕಿಗೇ. ತೂಗಲಿಕ್ಕ ಆಗಲಿಲ್ಲಂದ್ರ ಒಂದು ವರ್ಷ ದಾಟಿದ ಮಕ್ಕಳಿಗೆ ವಯಸ್ಸಿಗೆ 4 ಕೂಡಿಸಿ ಎರಡರಿಂದ ಗುಣಿಸ್ರಿ, 3 ವರ್ಷದ್ದು ಅಂದ್ರ 14 ಕಿಲೋ. ಅಂದಾಜು ಅಷ್ಟೇ, ನಮ್ಮ ಕಡಿ ಸೊರಗಿದ ಮಕ್ಕಳು ಬಾಳ ಬರ್ತಾವ, ಅವಕ್ಕ ಇದು ಜಾಸ್ತಿ ತೋರಿಸ್ತದ, ಸಲಾಯಿನ್ ಕೊಡೋ ಮುಂದ ಇನ್ನೂ ಹುಷಾರಿ ಬೇಕು. ಎದಿ ನಿಂತ ಕೂಸಿಗೆ ಕೊಡೋ ಅಡ್ರಿನಲಿನ್ ದಿನಾ ಕೈಯಿಂದ ಮಾಡ್ಸ್ರಿ: 1 ಎಂಎಲ್ ಆಂಪೂಲ್ ಸಲಾಯಿನ್ ಹಾಕಿ 10 ಎಂಎಲ್ ಮಾಡೋದು, ಅದ್ರಾಗ ಕಿಲೋಕ್ಕ 0.1 ಎಂಎಲ್. ಒಬ್ಬರು ತುಂಬಬೇಕು, ಇನ್ನೊಬ್ಬರು ಜೋರಾಗಿ ಎಂಎಲ್‌ನಾಗ ಓದಬೇಕು.

ಇನ್ನೊಬ್ಬರು (ಬೀದರ್): ಮ್ಯಾಲಿನ ಅಕ್ಕೋರು ಹೇಳಿದ್ದು ಖರೇ ಅದ. ನಾ ಕೂಡಿಸೋದು ಒಂದೇ, ಆಂಬು ಬ್ಯಾಗ್, ಅಂದ್ರ ಮಾಸ್ಕ್ ಹಚ್ಚಿ ಕೈಯಿಂದ ಒತ್ತಿ ಉಸಿರು ಕೊಡೋ ಚೀಲ. ಮಕ್ಕಳದು ಹೆಚ್ಚಾಗಿ ಮೊದಲು ಉಸಿರು ನಿಂತು ಆಮ್ಯಾಲ ಎದಿ ನಿಲ್ತದ, ಅದಕ್ಕ ಇಬ್ಬರಿದ್ರ ಎದಿ 15 ಸಲ ಒತ್ತಿ 2 ಉಸಿರು ಕೊಡೋದು. ಸಣ್ಣ ಕೂಸಿನ ತಲಿ ದೊಡ್ಡದು, ಮಲಗಿಸಿದ್ರ ಕುತ್ತಿಗಿ ಮುಂದ ಬಾಗ್ತದ, ಭುಜದ ತೆಳಗ ಸಣ್ಣ ಟವೆಲ್ ಮಡಚಿ ಇಡ್ರಿ. ಎದಿ ಏಳೋದು ಕಂಡ್ರ ಸಾಕು, ಬ್ಯಾಗ್ ಅದಕ್ಕಿಂತ ಜೋರು ಒತ್ತಬ್ಯಾಡ್ರಿ. ನಾವು ಹೊಸಬರಿಗೆ ಟವೆಲ್ ಸುತ್ತಿ ಗೊಂಬಿ ಮಾಡಿ ಇದನ್ನ ಕಲಸ್ತೀವಿ.

ಮತ್ತೊಬ್ಬರು (ಜೇವರ್ಗಿ ಕಡಿ): ನಮ್ಮ ಭಾಗದ ಕೇಸ್ ಹಿಡಿದೇ ಕಲಸ್ರಿ ಅಕ್ಕೋರೆ. ಚೇಳು ಕಡಿದ ಕೂಸು ಬೆವತು, ಕೈಕಾಲು ತಣ್ಣಗಾಗಿ, ಜೊಲ್ಲು ಸುರಿಸ್ತಿದ್ರ ಬರೇ ನೋವಿನ ಸೂಜಿ ಹಾಕಿ ಕೂಡಬಾರ್ದು, ಜಲ್ದಿ ಡಾಕ್ಟರಿಗೆ ಹೇಳಿ ಪ್ರಾಜೋಸಿನ್ (ಇಂಥಾ ಚೇಳಿನ ಕೇಸಿಗೆ ಕೊಡೋ ಔಷಧ) ಕೇಳ್ರಿ, ಕೊಟ್ಟ ಮ್ಯಾಲ ಮಲಗಿಸೇ ಇಡ್ರಿ, ಬಿಪಿ ಇಳಿತದ. ಸೀಮೆಎಣ್ಣಿ ಕುಡಿದಿದ್ರ ವಾಂತಿ ಮಾಡ್ಸಬ್ಯಾಡ್ರಿ, ಪುಪ್ಪುಸಕ್ಕ ಹೋಗ್ತದ. ತೊಗರಿ, ಹತ್ತಿಗೆ ಹೊಡಿಯೋ ಔಷಧ ಮೈಮ್ಯಾಲ ಬಿದ್ದಿದ್ರ ಕೈಗೆ ಗ್ಲೌಸ್ ಹಾಕ್ಕೊಂಡು ಬಟ್ಟಿ ಬಿಚ್ಚಿ ಮೈ ತೊಳೀರಿ. ಇನ್ನ ಅವ್ವನ್ನ ಹೊರಗ ಹಾಕೋದು ಬಿಡ್ರಿ, "ಇದು ದಿನಾ ಹಿಂಗ ಇರಲ್ರೀ" ಅಂತ ಆಕಿ ಹೇಳೋ ಮಾತು ಯಾವ ಮಷಿನ್ನೂ ಹೇಳಲ್ಲ.

ಕೇಳಿದವರು: ಎಲ್ಲರಿಗೂ ಕೈಮುಗಿತೀನ್ರಿ. ತೂಕದ ಮಷಿನ್ ಸ್ಟೋರ್‌ನಿಂದ ತರಿಸಿ ಬಾಗಲ ಬಾಜೂಕ ಇಟ್ಟೆ. ಟ್ರಾಲಿ ನೋಡಿದ್ರ ಕೂಸಿನ ಸೈಜ್ ಮಾಸ್ಕೇ ಇಲ್ಲ, ಮುಂಜಾನಿ ಇಂಡೆಂಟ್ (ಬೇಡಿಕಿ ಚೀಟಿ) ಹಾಕ್ತೀನಿ. ಅಲ್ಮಾರ ಕೀಲಿ ಇವತ್ತಿನಿಂದ ಡ್ಯೂಟಿ ಸಿಸ್ಟರ್ ಕೊರಳಾಗ.